ಕೋಣೆಯೊಳಗಿನ ಸಾರಥ್ಯಾಭ್ಯಾಸ

ದಡದ ಮೇಲೆ ಕುಳಿತು ಈಜು ಕಲಿತವರುಂಟೆ ಎಂದು ಹಿರಿಯರು ಕೇಳುವುದುಂಟು. ಮನೆಯ ಮೂಲೆಯಲ್ಲಿ ಒಂದು ಆಸನವನ್ನೂ ಸ್ಟೀರಿಂಗ್ ಚಕ್ರವನ್ನೂ ಮೂರು ಪೆಡಲುಗಳನ್ನೂ ಜೋಡಿಸಿಕೊಂಡು, ಪರದೆಯ ಮೇಲೆ ಓಡುವ ರಸ್ತೆಯನ್ನು ದಿಟ್ಟಿಸುತ್ತ ಗಂಟೆಗಟ್ಟಲೆ ಕುಳಿತಿರುವ ಮಗನನ್ನೋ ಮಗಳನ್ನೋ ಕಂಡಾಗ ಅನೇಕ ತಂದೆತಾಯಿಗಳ ಮನಸ್ಸಿನಲ್ಲಿ ಏಳುವ ಪ್ರಶ್ನೆಯೂ ಇದೇ. ರೇಸಿಂಗ್ ಸಿಮ್ಯುಲೇಟರೆಂಬ ಈ ಯಂತ್ರವು ನಿಜವಾದ ಟ್ರ್ಯಾಕಿನಲ್ಲಿ ಕಾರು ನಡೆಸುವ ವಿದ್ಯೆಯನ್ನು ಕಲಿಸಬಲ್ಲುದೆ? ಕಲಿಸಬಲ್ಲುದು ಎಂಬುದೇ ನನ್ನ ದೃಢವಾದ ಅಭಿಪ್ರಾಯ. ಆದರೆ ಆ ಕಲಿಕೆ ಫಲಿಸಬೇಕಾದರೆ, ಯಂತ್ರವು ನೀಡುವ ಅತ್ಯಂತ ದೊಡ್ಡ ಸೌಕರ್ಯವನ್ನು, ಅಂದರೆ ತಪ್ಪಿದೊಡನೆ ಗುಂಡಿಯೊತ್ತಿ ಮರಳಿ ಆರಂಭಿಸುವ ಸ್ವಾತಂತ್ರ್ಯವನ್ನು, ಕಲಿಯುವವನು ತಾನಾಗಿಯೇ ಮಿತಿಯಲ್ಲಿಡುವ ಸಂಯಮವನ್ನು ಗಳಿಸಿರಬೇಕು.

ಪ್ರತಿರೂಪದ ಮೂಲಕ ವಿದ್ಯೆಯನ್ನು ಸಾಧಿಸುವ ಕ್ರಮವು ಹೊಸದೇನಲ್ಲ. ನಮ್ಮ ಗರಡಿಮನೆಗಳಲ್ಲಿ ಜಟ್ಟಿಯು ಎದುರಾಳಿಯ ಕೈ ಹಿಡಿಯುವುದಕ್ಕೆ ಮುನ್ನ ಗದೆ ತಿರುಗಿಸಿ, ದಂಡೆ ಹೊಡೆದು, ತೋಳು ತೊಡೆಗಳಿಗೆ ಪಟ್ಟುಗಳ ಪರಿಚಯ ಮಾಡಿಸುತ್ತಿದ್ದನು. ಅಮೆರಿಕದಲ್ಲಿ ಆರ್ಗನ್ ವಾದ್ಯಗಳನ್ನು ತಯಾರಿಸುವ ಕುಟುಂಬದಲ್ಲಿ ಬೆಳೆದ ಎಡ್ವಿನ್ ಲಿಂಕ್, ಆ ವಾದ್ಯಗಳಿಗೆ ಗಾಳಿಯೂಡುವ ತಿದಿಗಳನ್ನೇ ಬಳಸಿ 1929ರಲ್ಲಿ ವಿಮಾನ ಚಾಲನೆಯ ಶಿಕ್ಷಣಯಂತ್ರವೊಂದನ್ನು ನಿರ್ಮಿಸಿದನು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಸಂಖ್ಯ ವೈಮಾನಿಕರು ಆಕಾಶಕ್ಕೇರುವ ಮುನ್ನ ನೆಲದ ಮೇಲಿನ ಆ ಪೆಟ್ಟಿಗೆಯಲ್ಲಿ ಕುಳಿತೇ ಮೋಡದೊಳಗೆ ಹಾರುವುದನ್ನು ಅಭ್ಯಸಿಸಿದರು. ಸ್ಪರ್ಧಾ ಋತುವಿನ ನಡುವೆ ಕಾರುಗಳನ್ನು ಟ್ರ್ಯಾಕಿನಲ್ಲಿ ಪರೀಕ್ಷಾರ್ಥವಾಗಿ ಓಡಿಸುವುದಕ್ಕೆ 2009ರಿಂದ ನಿರ್ಬಂಧ ಬಂದ ಮೇಲೆ, ಫಾರ್ಮುಲಾ ಒನ್ ತಂಡಗಳೂ ಸಿಮ್ಯುಲೇಟರನ್ನೇ ಹೆಚ್ಚು ಹೆಚ್ಚಾಗಿ ಆಶ್ರಯಿಸಿದುವು.

ಈ ಯಂತ್ರವು ಕಲಿಸುವುದೇನು? ಮೊದಲನೆಯದಾಗಿ, ಪಥದ ಸ್ಮೃತಿ. ಜರ್ಮನಿಯ ಐಫೆಲ್ ಗುಡ್ಡಗಳ ನಡುವೆ 1927ರಲ್ಲಿ ಆರಂಭವಾದ ನ್ಯೂರ್ಬುರ್ಗ್‌ರಿಂಗಿನ ನಾರ್ಡ್‌ಶ್ಲೈಫೆ ಪಥದ ಉದ್ದ ಸುಮಾರು 20.8 ಕಿಲೋಮೀಟರ್. ಅಲ್ಲಿನ ಅನೇಕ ತಿರುವುಗಳು ದಿಬ್ಬದ ಆಚೆಗೆ ಅಡಗಿರುವುದರಿಂದ, ಮುಂದೆ ರಸ್ತೆ ಎತ್ತ ಬಾಗುವುದೆಂಬುದನ್ನು ಕಣ್ಣು ಕಾಣುವ ಮೊದಲೇ ಮನಸ್ಸು ಬಲ್ಲದಾಗಿರಬೇಕು. ಒಂದು ತಿರುವಿನಲ್ಲಿ ಎಡವಿದವನಿಗೆ ಅದನ್ನು ತಿದ್ದಿಕೊಳ್ಳುವ ಅವಕಾಶವು ಇಡೀ ಸುತ್ತು ಮುಗಿದ ಮೇಲಲ್ಲದೆ ಒದಗದು. ಲೇಸರ್ ಕಿರಣಗಳಿಂದ ಪಥದ ಉಬ್ಬುತಗ್ಗುಗಳನ್ನೆಲ್ಲ ಅಳೆದು ರಚಿಸಿದ ಅದರ ಪ್ರತಿರೂಪವು ಇಂದು ಮನೆಯ ಪರದೆಯ ಮೇಲೆ ಲಭ್ಯವಿರುವುದರಿಂದ, ಒಮ್ಮೆಯೂ ಆ ನೆಲವನ್ನು ಮೆಟ್ಟದವನೂ ಅದರ ಬಾಗುಬಳುಕುಗಳನ್ನು ಕಂಠಪಾಠ ಮಾಡಿಕೊಂಡು ಹೋಗಬಲ್ಲನು. ಎರಡನೆಯದಾಗಿ, ಪಾದದ ಸಂಸ್ಕಾರ. ಕಾಲಿನ ಒತ್ತಡವನ್ನೇ ಅಳೆಯುವ ಉತ್ತಮ ಬ್ರೇಕ್ ಪೆಡಲಿನಲ್ಲಿ ಅಭ್ಯಾಸ ಮಾಡಿದವನಿಗೆ, ತಿರುವಿಗೆ ಮುನ್ನ ಬಲವಾಗಿ ಒತ್ತಿ, ಸ್ಟೀರಿಂಗ್ ತಿರುಗಿದಷ್ಟೂ ಬ್ರೇಕನ್ನು ಮೆಲ್ಲಮೆಲ್ಲನೆ ಸಡಿಲಿಸುತ್ತ ಹೋಗುವ ಸೂಕ್ಷ್ಮವು ಅಭ್ಯಾಸಬಲದಿಂದ ಕೈಗೂಡುವುದು. ಟೈರಿಗಿರುವ ಹಿಡಿತವು ಒಂದೇ ಗಂಟು, ಅದನ್ನು ನಿಲ್ಲಿಸುವುದಕ್ಕೂ ತಿರುಗಿಸುವುದಕ್ಕೂ ಹಂಚಿಯೇ ವ್ಯಯಿಸಬೇಕು ಎಂಬ ತತ್ತ್ವವು ಆಗ ಪಾದಕ್ಕೇ ಅರ್ಥವಾಗಿರುವುದು.

ಇದರಲ್ಲಿ ನ್ಯಾಯದ ಮಾತೂ ಒಂದುಂಟು. ಮೋಟಾರು ಸ್ಪರ್ಧೆಯು ಮೊದಲಿನಿಂದಲೂ ಧನಿಕರ ಅಂಗಳ. ಬೆಂಗಳೂರಿನ ತರುಣನೊಬ್ಬನು ಶ್ರೀಪೆರುಂಬುದೂರಿನ ಬಳಿಯ ಇರುಂಗಾಟ್ಟುಕೋಟೆಯ ಟ್ರ್ಯಾಕಿನಲ್ಲಿ ಒಂದು ದಿನ ಅಭ್ಯಾಸ ಮಾಡಬೇಕೆಂದರೆ ಸುಮಾರು ಮುನ್ನೂರು ಕಿಲೋಮೀಟರ್ ಪಯಣಿಸಿ, ಟ್ರ್ಯಾಕಿನ ಶುಲ್ಕ, ಟೈರು, ಇಂಧನಗಳ ವೆಚ್ಚವನ್ನೆಲ್ಲ ಹೊರಬೇಕು. ಸಿಮ್ಯುಲೇಟರು ಈ ಬಾಗಿಲನ್ನು ಪೂರ್ಣವಾಗಿ ತೆರೆಯದಿದ್ದರೂ ಕೊಂಚ ಸರಿಸಿದೆ. ಬ್ರಿಟನ್ನಿನ ಜಾನ್ ಮಾರ್ಡನ್‌ಬರೋ, 2011ರಲ್ಲಿ ಜಿ.ಟಿ. ಅಕಾಡೆಮಿ ಎಂಬ ಸ್ಪರ್ಧೆಯನ್ನು ವಿಡಿಯೋ ಆಟದ ಬಲದಿಂದ ಪ್ರವೇಶಿಸಿ ಗೆದ್ದು, 2013ರ ಲೆ ಮಾನ್ಸ್ 24 ಗಂಟೆಗಳ ಓಟದಲ್ಲಿ ತನ್ನ ವರ್ಗದಲ್ಲಿ ಮೂರನೆಯ ಸ್ಥಾನವನ್ನು ಪಡೆದನು. ಆದರೆ ಈ ವೃತ್ತಾಂತವನ್ನು ಉತ್ಸಾಹದಿಂದ ಹೇಳುವವರು ಮರೆಯುವ ಅಂಶವೊಂದಿದೆ: ಪರದೆಗೂ ಸ್ಪರ್ಧೆಗೂ ನಡುವೆ ಅವನಿಗೆ ತಿಂಗಳುಗಟ್ಟಲೆ ನಿಜವಾದ ಕಾರಿನಲ್ಲಿ, ನಿಜವಾದ ಗುರುಗಳ ಕೈಕೆಳಗೆ ಶಿಕ್ಷಣ ದೊರೆಯಿತು. ಆಟವು ಅವನನ್ನು ಆರಿಸಿತು. ಅವನನ್ನು ರೂಪಿಸಿದ್ದು ಟ್ರ್ಯಾಕು.

ಏಕೆಂದರೆ ಯಂತ್ರವು ಕಲಿಸಲಾರದುದೂ ಬಹಳವಿದೆ. ಕಾರಿನ ಹಿಂಭಾಗವು ಜಾರತೊಡಗಿದುದನ್ನು ಚಾಲಕನ ಬೆನ್ನು ಅವನ ಕಣ್ಣಿಗಿಂತ ಮುಂಚೆ ಅರಿಯುತ್ತದೆ. ಅಲುಗದ ಆಸನದಲ್ಲಿ ಕುಳಿತವನಿಗೆ ಆ ಸೂಚನೆಯೇ ಇಲ್ಲ. ಕೊರಳನ್ನು ಪಕ್ಕಕ್ಕೆ ಸೆಳೆಯುವ ಬಲವಾಗಲಿ, ಹೆಲ್ಮೆಟ್ಟಿನೊಳಗಿನ ಸೆಕೆಯಾಗಲಿ ಕೋಣೆಯಲ್ಲಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಅಲ್ಲಿ ಭಯವಿಲ್ಲ. 2015ರ ಮಾರ್ಚ್ 28ರಂದು, ಅದೇ ನಾರ್ಡ್‌ಶ್ಲೈಫೆಯ ಫ್ಲುಗ್‌ಪ್ಲಾಟ್ಸ್ ಎಂಬ ದಿಬ್ಬದಲ್ಲಿ ಮಾರ್ಡನ್‌ಬರೋನ ಕಾರು ಗಾಳಿಗೆ ಮೂತಿಯೆತ್ತಿ, ಬೇಲಿಯಾಚೆಗೆ ಹಾರಿಬಿದ್ದು, ಒಬ್ಬ ಪ್ರೇಕ್ಷಕನು ಮೃತನಾದನು. ಆ ವೇಳೆಗೆ ಸ್ಪರ್ಧೆಗಳಲ್ಲಿ ವರ್ಷಗಟ್ಟಲೆ ಪಳಗಿದ್ದ ಚಾಲಕನ ಆ ದುರಂತವನ್ನು ಸಿಮ್ಯುಲೇಟರಿನ ಶಿಕ್ಷಣಕ್ಕೆ ಆರೋಪಿಸುವುದು ಅನ್ಯಾಯವಾದೀತು. ಆದರೆ ಪರದೆಯ ಮೇಲೆ ಸಾವಿರ ಸಲ ಮಗುಚಿದರೂ ಯಾವ ತಾಯಿಯೂ ಅಳುವುದಿಲ್ಲ, ಮಣ್ಣಿನ ಮೇಲೆ ಒಮ್ಮೆ ಮಗುಚಿದುದನ್ನು ಯಾವ ಗುಂಡಿಯೂ ಅಳಿಸುವುದಿಲ್ಲ ಎಂಬುದನ್ನು ಕಲಿಯುವವರೆಲ್ಲರೂ ನೆನಪಿನಲ್ಲಿಡತಕ್ಕದ್ದು.

ಆದುದರಿಂದ ಮನೆಯ ಅಭ್ಯಾಸಕ್ಕೆ ವ್ರತದ ಸ್ವರೂಪವಿರಬೇಕೆಂದು ನಾನು ಹೇಳುತ್ತೇನೆ. ಒಂದು ಹೊಸ ತಿರುವನ್ನು ಪರಿಚಯಿಸಿಕೊಳ್ಳುವಾಗ ಎಷ್ಟು ಸಲ ಬೇಕಾದರೂ ಗುಂಡಿಯನ್ನೊತ್ತಲಿ. ಆ ಬಳಿಕ ಇಪ್ಪತ್ತು ಲ್ಯಾಪುಗಳನ್ನು ಒಂದೇ ಉಸಿರಿನಲ್ಲಿ, ಎಲ್ಲಿಯೂ ಹೊರಗೆ ಜಾರದೆ ಮುಗಿಸುವ ನಿಯಮವನ್ನು ತನಗೆ ತಾನೇ ವಿಧಿಸಿಕೊಳ್ಳಲಿ. ಒಂದು ಅದ್ಭುತವಾದ ಲ್ಯಾಪಿಗಿಂತ ಒಂದರಂತೆ ಇನ್ನೊಂದಿರುವ ಇಪ್ಪತ್ತು ಲ್ಯಾಪುಗಳೇ ಮೇಲು. ವೇಗವನ್ನೂ ಬ್ರೇಕನ್ನೂ ಗೆರೆಗಳಲ್ಲಿ ತೋರುವ ಟೆಲಿಮೆಟ್ರಿಯನ್ನು ತೆರೆದು, ತನಗಿಂತ ಕುಶಲನಾದವನ ಗೆರೆಗಳೊಡನೆ ಹೋಲಿಸಿ, ಒಂದು ಸಲಕ್ಕೆ ಒಂದೇ ತಪ್ಪನ್ನು ತಿದ್ದಿಕೊಳ್ಳಲಿ. ನಿಜವಾದ ಟ್ರ್ಯಾಕಿಗೆ ಹೋದ ದಿನ, ಮನೆಯಲ್ಲಿ ಗಳಿಸಿದ ವೇಗವನ್ನು ಮನೆಯಲ್ಲಿಯೇ ಬಿಟ್ಟು, ಪಥದ ಜ್ಞಾನವನ್ನು ಮಾತ್ರ ಕೊಂಡೊಯ್ಯಲಿ. ವೇಗವು ಅಲ್ಲಿ ಬೆನ್ನಿನ ಅನುಮತಿ ಪಡೆದು ತಾನಾಗಿ ಬರುವುದು. ತಂದೆತಾಯಿಗಳೂ ಇದನ್ನು ಹಾಳುಹವ್ಯಾಸವೆಂದು ಜರೆಯುವ ಮುನ್ನ, ರಾತ್ರಿಯ ಸಾರ್ವಜನಿಕ ರಸ್ತೆಗಳಲ್ಲಿ ತಮ್ಮ ಪ್ರಾಣವನ್ನೂ ಪರರ ಪ್ರಾಣವನ್ನೂ ಪಣಕ್ಕಿಟ್ಟು ವೀಲಿ ಮಾಡುವ ತರುಣರನ್ನು ನೆನೆದು, ವೇಗದ ಹಂಬಲಕ್ಕೆ ಶಿಸ್ತಿನ ಪಾತ್ರೆಯೊಂದು ಬೇಕೆಂಬುದನ್ನು ವಿಚಾರಿಸಲಿ.

ದಡದ ಮೇಲೆ ಕುಳಿತವನಿಗೆ ಈಜು ಬಾರದೆಂಬ ಮಾತು ಸತ್ಯವೇ. ಆದರೆ ಹೊಳೆಯ ಮಡುವೆಲ್ಲಿ, ಸುಳಿಯೆಲ್ಲಿ, ಕಾಲೂರುವ ಬಂಡೆಯೆಲ್ಲಿ ಎಂಬುದನ್ನು ದಡದಿಂದಲೇ ದಿನದಿನವೂ ನೋಡಿ ಅರಿತವನು ನೀರಿಗಿಳಿಯುವ ರೀತಿಯೇ ಬೇರೆ.