ಕೆಸರು ಇದ್ದರೆ ಇರಲಿ ಬಿಡಿ

ದಟ್ಟಗಳ್ಳಿಯ ಬಂಧುಗಳೇ,

ನಮ್ಮ ಬಡಾವಣೆಯ ಮಗ್ಗುಲಲ್ಲೇ ಇರುವ ಲಿಂಗಾಂಬುಧಿ ಕೆರೆಯನ್ನು ಮುಮ್ಮಡಿ ಕೃಷ್ಣರಾಜ ಒಡೆಯರು 1828ರಲ್ಲಿ ರಾಣಿ ಲಿಂಗಾಜಮ್ಮಣ್ಣಿಯವರ ಹೆಸರಿನಲ್ಲಿ ಕಟ್ಟಿಸಿದರು. ಅಂದು ಊರಾಚೆಯಿದ್ದ ಕೆರೆಗೆ ಇಂದು ಸುತ್ತಲೂ ಮನೆಗಳು. ವಾಕಿಂಗಿಗೆ ಬರುವ ನಮ್ಮಲ್ಲಿ ಅನೇಕರಿಗೆ ಒಂದು ಆಸೆ: ದಡಕ್ಕೆ ಕಲ್ಲು ಕಟ್ಟಿಸಬೇಕು, ದೀಪ ಹಾಕಿಸಬೇಕು, ಕೆಸರು ಜೊಂಡು ತೆಗೆಸಿ ಚೆಂದ ಮಾಡಿಸಬೇಕು. ದಯವಿಟ್ಟು ಅದೊಂದನ್ನು ಕೇಳಬೇಡಿ.

ಚಳಿಗಾಲಕ್ಕೆ ಉತ್ತರದ ದೂರದೇಶಗಳಿಂದ ಬರುವ ಸೂಜಿಬಾಲದ ಬಾತು, ಚಲುಕದ ಬಾತು, ಗೊರವಗಳ ಊಟ ಇರುವುದೇ ಆ ಕೆಸರಿನಲ್ಲಿ. ಗೊರವ ತೆಳುನೀರಿನಲ್ಲಿ ನಿಂತು ಕೊಕ್ಕು ಊರಿ ಹುಳು ಹೆಕ್ಕುತ್ತದೆ. ಸೂಜಿಬಾಲದ ಬಾತು ಬಾಲ ಮೇಲೆತ್ತಿ, ಕತ್ತು ನಿಲುಕುವಷ್ಟು ಆಳದ ತಳವನ್ನಷ್ಟೇ ಕೆದಕುತ್ತದೆ. ಅಂಚಿನವರೆಗೂ ಹೂಳೆತ್ತಿ ಕೆರೆಯನ್ನು ಬಾವಿ ಮಾಡಿಬಿಟ್ಟರೆ ಇವಕ್ಕೆ ಉಪವಾಸವೇ ಗತಿ. ಬೇಸಿಗೆ ಬಲಿಯುವ ಮೊದಲು ಮರಳಿ ಹಾರಲು ಮೈಯಲ್ಲಿ ಕೊಬ್ಬು ಕೂಡಬೇಕು. ನಾಯಿ ಅಟ್ಟಿಸಿದಾಗ, ಡ್ರೋನ್ ಬಂದಾಗ ಗಾಬರಿಯಿಂದೆದ್ದು ಹಾರಿದಷ್ಟೂ ಆ ಕೊಬ್ಬು ಕರಗುತ್ತದೆ. ನಮಗದು ಒಳ್ಳೇ ವಿಡಿಯೊ, ಅಷ್ಟೇ.

ಈ ಹಕ್ಕಿಗಳಿಗೆ ರಂಗನತಿಟ್ಟು ಇದೆಯಲ್ಲ ಎನ್ನುತ್ತೀರೇನೋ. ಪಕ್ಷಿತಜ್ಞ ಸಲೀಂ ಅಲಿಯವರ ಒತ್ತಾಸೆಯಿಂದ 1940ರಲ್ಲಿ ಪಕ್ಷಿಧಾಮವಾದ ಅದು 2022ರಲ್ಲಿ ಜೌಗುಪ್ರದೇಶಗಳ ಅಂತರರಾಷ್ಟ್ರೀಯ ರಾಮ್ಸಾರ್ ಪಟ್ಟಿಗೂ ಸೇರಿತು, ಸಂತೋಷ. ಆದರೆ ಅದು ಕಾವೇರಿಯ ನಡುಗಡ್ಡೆಗಳಲ್ಲಿ ಹಕ್ಕಿಗಳು ಗೂಡುಕಟ್ಟುವ ಜಾಗ. ಬಾತುಗಳಿಗೆ ಬಯಲಿನ ಕೆರೆ ಬೇಕು. ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿದ್ದ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬಂದು ಕಾಣಿಸಿಕೊಂಡದ್ದು ನಂಜನಗೂಡು ತಾಲ್ಲೂಕಿನ ಹದಿನಾರು ಗ್ರಾಮದ ಕೆರೆಯಲ್ಲಿ. ಪಕ್ಷಿಧಾಮವೆಂಬ ಬೋರ್ಡು ನೋಡಿ ಅವು ಇಳಿಯುವುದಿಲ್ಲ.

ಕೆರೆಗೆ ನಿಜವಾದ ಕೊಳೆ ಹೋಗುವುದು ನಮ್ಮ ಮನೆಗಳಿಂದ. ಒಳಚರಂಡಿಯ (ಯುಜಿಡಿ) ಮ್ಯಾನ್‌ಹೋಲ್ ಉಕ್ಕಿ ರಾಜಕಾಲುವೆ ಸೇರಿದರೆ ಕೆರೆಯಲ್ಲಿ ಅಂತರಗಂಗೆ ಕೊಬ್ಬುತ್ತದೆ, ನೀರು ಉಸಿರುಗಟ್ಟುತ್ತದೆ. ಹಾಗೆ ಉಕ್ಕುವುದು ಕಂಡರೆ ಫೋಟೊ ತೆಗೆದು ಅಂದೇ ಪಾಲಿಕೆಗೆ ದೂರು ಕೊಡಿ. ಮನೆ ಕಟ್ಟುತ್ತಿರುವವರು ಒಡೆದ ಇಟ್ಟಿಗೆ, ಗಾರೆಯನ್ನು ಕಾಲುವೆಗೆ ಸುರಿಯದಂತೆ ಮೇಸ್ತ್ರಿಗೆ ಮೊದಲೇ ಹೇಳಿಡಿ. ನಾಯಿಯನ್ನು ಏರಿಯ ಮೇಲೆ ಬಿಚ್ಚಿ ಬಿಡಬೇಡಿ. ಹಕ್ಕಿಗಳಿಗೆ ಬ್ರೆಡ್ಡು, ಮಂಡಕ್ಕಿ ಎಸೆಯುವುದೂ ಬೇಡ.

ಇನ್ನು ನಮ್ಮ ಬೀದಿಯ ಸಭೆಗಳಲ್ಲಿ ಕೆರೆಯ ಮಾತು ಬಂದಾಗ ದೀಪದ ಕಂಬದ ಅರ್ಜಿ ಪಕ್ಕಕ್ಕಿಟ್ಟು, ಯಾವ ಬೀದಿಯ ಯುಜಿಡಿ ನೀರು ಎಲ್ಲಿಗೆ ಹೋಗುತ್ತಿದೆ ಎಂದು ಕೇಳೋಣ. ಲಿಖಿತ ಉತ್ತರ ಪಡೆಯೋಣ.