ಗೌರಿ ಹೂವಿನ ಧರೆಗೆ ಮೆಷಿನ್ ಬೇಡ

ಆಗಸ್ಟ್‌ನಲ್ಲಿ ಮಳೆ ಒಂದಿಷ್ಟು ಹೊಳವಾದರೆ ಸಾಕು, ಬಾಳ್ಳುಪೇಟೆಯಿಂದ ಹೆತ್ತೂರಿನವರೆಗೂ ಹುಲ್ಲು ಹೊಡೆಯುವ ಮೆಷಿನ್‌ಗಳದೇ ಸದ್ದು. ಕಾಫಿ ಬುಡ ಚೊಕ್ಕ ಮಾಡಲಿ, ನನ್ನ ತಕರಾರಿಲ್ಲ. ಆಲೂರು ತಾಲ್ಲೂಕಿನಲ್ಲಿ ಸಣ್ಣ ತೋಟ ಇಟ್ಟುಕೊಂಡವಳು ನಾನು, ಕೆಲಸಕ್ಕೆ ಆಳು ಸಿಗದ ಕಷ್ಟ ನನಗೂ ಗೊತ್ತು. ಆದರೆ ಮೆಷಿನ್ ತೋಟದೊಳಗೆ ನಿಲ್ಲುವುದಿಲ್ಲ. ರಸ್ತೆ ಬದಿಯ ಧರೆ, ಅಗಳಿನ ಏರಿ, ಬೇಲಿಸಾಲು ಎಲ್ಲವನ್ನೂ ಬೋಳಿಸಿಬಿಡುತ್ತದೆ. ಗೌರಿ ಹೂವಿನ ಬಳ್ಳಿ ಮೊಗ್ಗು ಕಟ್ಟುವುದೂ ಆಗಲೇ.

ಭಾದ್ರಪದದ ತದಿಗೆಗೆ ಈ ಹೂ ತರಲು ನಮ್ಮತ್ತೆ ಧರೆಯ ಮಗ್ಗುಲಿಗೆ ಹೋದರೆ ಸಾಕಿತ್ತು. ಈಗ ಹಾಸನದಿಂದ ಸೇವಂತಿಗೆ ಮಾರು ತರಿಸಿ ಗೌರಮ್ಮನಿಗೆ ಏರಿಸುತ್ತೇವೆ.

ಕೆಲವರು ಅಗ್ನಿಶಿಖೆ ಎನ್ನುವ ಈ ಬಳ್ಳಿಯನ್ನು ಸಾಕುವುದು ಸುಲಭ, ಅವಸರ ಮಾತ್ರ ಕೂಡದು. ಗೆಡ್ಡೆ ನೇಗಿಲಿನ ಹಾಗೆ ಬಾಗಿರುತ್ತದೆ. ಮೊಳಕೆ ಬರುವುದು ತುದಿಯಿಂದ, ಅದು ಮುರಿದರೆ ಆ ಗೆಡ್ಡೆಯ ಆಸೆ ಬಿಡಿ. ಮೇ ಕೊನೆಯಲ್ಲಿ, ನೆಲ ಒಂದೆರಡು ಮಳೆ ಕಂಡ ಮೇಲೆ, ಇಳಿಜಾರು ಜಾಗದಲ್ಲಿ ಬೆರಳುದ್ದ ಆಳಕ್ಕೆ ಅಡ್ಡಡ್ಡ ಮಲಗಿಸಿ ಮಣ್ಣು ಮುಚ್ಚಬೇಕು. ನೀರು ನಿಂತರೆ ಕೊಳೆಯುತ್ತದೆ; ಗದ್ದೆ ಬಿಟ್ಟು ಧರೆ ಹಿಡಿದಿರುವುದು ಅದಕ್ಕೇ. ಎಲೆಯ ತುದಿಯೇ ಸುರುಳಿಯಾಗಿ ಪಕ್ಕದ ಕಡ್ಡಿಯನ್ನು ಹಿಡಿಯುವುದರಿಂದ ದಪ್ಪ ಗೂಟ ನೆಟ್ಟು ಪ್ರಯೋಜನವಿಲ್ಲ, ಸಣ್ಣ ಕೊಂಬೆಯ ಪೊದೆ ಬೇಕು. ಅರಳುವಾಗ ಹಸಿರು ಹಳದಿಯಾಗಿದ್ದ ಎಸಳು ದಿನ ಕಳೆದಂತೆ ಕೆಂಪಾಗುತ್ತದೆ. ಚಿಟ್ಟೆಗಳೂ ಸೂರಕ್ಕಿಗಳೂ ಹುಡುಕಿಕೊಂಡು ಬರುತ್ತವೆ. ದೀಪಾವಳಿ ಕಳೆದ ಮೇಲೆ ಬಳ್ಳಿ ಒಣಗುತ್ತದೆ. ಸತ್ತಿತೆಂದು ಅಗೆಯಬೇಡಿ, ನೀರೂ ಹಾಕಬೇಡಿ. ಬೀಜದಿಂದ ಬೆಳೆಸುವವರು ಹೂವಿಗೆ ಕೆಲವು ವರ್ಷ ಕಾಯಬೇಕು. ಹಾಗೆಂದು ಕಾಡಿನ ಗೆಡ್ಡೆ ಕಿತ್ತು ತರುವುದು ಬೇಡ, ನೆಂಟರ ಬೇಲಿಯಲ್ಲಿದ್ದರೆ ಕೇಳಿ ತನ್ನಿ.

ವಿಷದ ಗಿಡವನ್ನು ಮನೆ ಹತ್ತಿರ ಬೆಳೆಸು ಎನ್ನುತ್ತೀಯಲ್ಲ ಎಂದು ಕೇಳುವವರಿದ್ದಾರೆ. ನ್ಯಾಯವಾದ ಮಾತು. ಅದರ ಮೈಯೆಲ್ಲ ಕೋಲ್ಚಿಸಿನ್ ಎಂಬ ವಿಷ. ಗೆಡ್ಡೆಯನ್ನು ಗೆಣಸೆಂದು ತಿಂದು ಸತ್ತವರಿದ್ದಾರೆ. ಮಕ್ಕಳು, ಕರುಗಳು ಆಡುವ ಕಡೆ ನೆಡಲೇಬಾರದು, ಗೆಡ್ಡೆ ಮುಟ್ಟುವಾಗ ಕೈಗವಸು ಇರಲಿ. ಅದೇ ಕೋಲ್ಚಿಸಿನ್ ಗೌಟ್ ಎಂಬ ಕೀಲುನೋವಿಗೆ ಔಷಧಿ. ತಮಿಳುನಾಡಿನ ರೈತರು ಬೀಜಕ್ಕಾಗಿಯೇ ಇದನ್ನು ಬೆಳೆಯುತ್ತಾರೆ. ಆ ರಾಜ್ಯದ ಪುಷ್ಪವೂ ಇದೇ.

ಅಮೆರಿಕದಲ್ಲಿ ಗೋಲ್ಡನ್‌ರಾಡ್ ಎಂಬ ತಮ್ಮದೇ ನೆಲದ ಹಳದಿ ಹೂವನ್ನು ಕಳೆಯೆಂದು ಕಿತ್ತವರುಂಟು. ಶೀತ, ಸೀನು ಬರಿಸುವುದು ಅದೇ ಎಂಬ ದೂರು ಬೇರೆ. ನಿಜವಾಗಿ ಸೀನು ಬರಿಸುತ್ತಿದ್ದದ್ದು ಅದೇ ಕಾಲಕ್ಕೆ ಅರಳುವ ರ‍್ಯಾಗ್‌ವೀಡ್. ಚಳಿಗಾಲಕ್ಕೆ ಮೊದಲು ಜೇನಿಗೆ ಮೇವಾಗುತ್ತದೆಂದು ಈಗ ಅಲ್ಲಿನವರು ಗೋಲ್ಡನ್‌ರಾಡನ್ನು ಅಂಗಳದಲ್ಲಿ ನೆಡುತ್ತಿದ್ದಾರೆ. ನಾವು ಮಾಡುತ್ತಿರುವುದು ಉಲ್ಟಾ. ಹೋಂಸ್ಟೇ ಅಂಗಳಕ್ಕೆ ಹಳದಿ ಬಣ್ಣ ಬೇಕೆಂದು ಸಿಂಗಪುರ ಡೈಸಿ ತಂದು ಹಾಕುತ್ತೇವೆ. ಆ ಪರದೇಶಿ ಬಳ್ಳಿ ಗೇಟು ದಾಟಿ, ಚರಂಡಿ ಹಿಡಿದು, ಊರ ಧರೆಯನ್ನೆಲ್ಲ ಹೊದ್ದುಕೊಳ್ಳುತ್ತದೆ.

ಆನೆಗೆ ಹಾಕಿದ ಸೋಲಾರ್ ಬೇಲಿಯ ಕೆಳಗೆ ಬಳ್ಳಿ ಬಿಡಿ ಎಂದು ನಾನು ಹೇಳುವುದಿಲ್ಲ; ತಂತಿಗೆ ಸೊಪ್ಪು ತಾಗಿದರೆ ಕರೆಂಟು ನೆಲಕ್ಕೆ ಹೋಗುತ್ತದೆ. ಎದುರಿನ ವಾಹನ ಕಾಣದ ತಿರುವುಗಳನ್ನೂ ಸವರಲೇಬೇಕು. ಉಳಿದ ಧರೆಗಳನ್ನು ಪಂಚಾಯಿತಿಯವರು ಮೇ ತಿಂಗಳಿಗೆ ಮುಂಚೆ ಒಮ್ಮೆ, ಕಾಯಿ ಒಡೆದು ಬೀಜ ಉದುರಿದ ಮೇಲೆ ಡಿಸೆಂಬರ್‌ನಲ್ಲಿ ಒಮ್ಮೆ ಸವರಲಿ. ತೋಟದ ಮಾಲೀಕರೇ, ನಿಮ್ಮ ರೈಟರಿಗೂ ಇದೊಂದು ಮಾತು ಹೇಳಿಬಿಡಿ. ಧರೆಗೆ ಕಳೆನಾಶಕ ಹೊಡೆಯುವುದನ್ನಂತೂ ಪೂರ್ತಿ ನಿಲ್ಲಿಸಿ.