ಪುರಭವನದ ನೆಲದಡಿ ನಿಲುಗಡೆ ತಾಣ ಮತ್ತು ಸುತ್ತಲಿನ ಪಾರಂಪರಿಕ ಕಟ್ಟಡಗಳ ಕುರಿತು ಮನವಿ ಪತ್ರ

ಮೈಸೂರು, 25-08-2022

ಗೆ,
ಮಾನ್ಯ ಅಧ್ಯಕ್ಷರು ಮತ್ತು ಸದಸ್ಯರು,
ಜಿಲ್ಲಾ ಪಾರಂಪರಿಕ ಸಮಿತಿ, ಮೈಸೂರು

ಇಂದ,
ಪುರಭವನ, ದೊಡ್ಡ ಗಡಿಯಾರ, ಚಿಕ್ಕ ಗಡಿಯಾರ ಸುತ್ತಲಿನ ವರ್ತಕರು ಮತ್ತು ನಿವಾಸಿಗಳು

ವಿಷಯ: ನೆಲದಡಿ ನಿಲುಗಡೆ ಕಾಮಗಾರಿ ಮುಗಿಸುವುದು ಹಾಗೂ ಇತರೆ ಬೇಡಿಕೆಗಳು

ಮಾನ್ಯರೇ,

ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತು ಇಂದಿಗೆ ಹತ್ತು ವರ್ಷ. 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗವೂ ಬಿತ್ತು. ಆ ಎರಡು ಕಟ್ಟಡಗಳ ವಿಷಯ ನ್ಯಾಯಾಲಯದ ಮುಂದಿರುವುದರಿಂದ ಇಲ್ಲಿ ಅದರ ಪ್ರಸ್ತಾಪ ಮಾಡುವುದಿಲ್ಲ. ಇನ್ನೂ ನಿಂತಿರುವ ಕಟ್ಟಡಗಳ ಪರವಾಗಿ ಈ ಮನವಿ.

1. ದಿವಾನ್ ರಂಗಾಚಾರ್ಲು ಅವರ ನೆನಪಿಗೆ 1884ರಲ್ಲಿ ಅಡಿಗಲ್ಲು ಕಂಡ ಪುರಭವನದ ಆವರಣವನ್ನು ವಾಹನ ನಿಲುಗಡೆಗೆಂದು ಅಗೆದು ದಶಕ ದಾಟಿದೆ. ಅಗೆತ ಶುರುವಾದಾಗ ಶಾಲೆಗೆ ಹೋಗುತ್ತಿದ್ದ ಮಕ್ಕಳು ಈಗ ನಮ್ಮ ಅಂಗಡಿಗಳ ಗಲ್ಲಾ ಮೇಲೆ ಕೂತಿದ್ದಾರೆ. ಕಾಮಗಾರಿ ಮಾತ್ರ ಮುಗಿದಿಲ್ಲ. ಕಾರುಗಳು ಇಂದಿಗೂ ರಸ್ತೆಯಲ್ಲೇ, ಹಳೆಯ ಗೋಡೆಗಳಿಗೆ ಒರಗಿಕೊಂಡೇ ನಿಲ್ಲುತ್ತಿವೆ. ಪಕ್ಕದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಆಳ್ವಿಕೆಯ ಬೆಳ್ಳಿಹಬ್ಬಕ್ಕೆ 1927ರಲ್ಲಿ ಎದ್ದ ದೊಡ್ಡ ಗಡಿಯಾರವಿದೆ. ಅದರ ಗೋಪುರದಲ್ಲಿ ಬಿರುಕುಗಳು ಕಾಣುತ್ತಿವೆ. ಅಗೆತಕ್ಕೂ ಬಿರುಕಿಗೂ ಸಂಬಂಧವಿದೆ ಎಂದು ನಾವು ಆರೋಪಿಸುತ್ತಿಲ್ಲ. ಇಲ್ಲ ಎನ್ನುವುದಾದರೆ ಅಳತೆ ಮಾಡಿದ ವರದಿ ತೋರಿಸಲಿ. ಸುಣ್ಣದ ಗಾರೆಯ ಕಟ್ಟಡದ ಬಳಿ ಅಗೆಯುವ ಮುನ್ನ ಯಾವ ಪರೀಕ್ಷೆ ನಡೆಯಬೇಕೆಂಬ ನಿಯಮವನ್ನು ತಮಗೆ ನಾವು ಹೇಳಬೇಕಾಗಿಲ್ಲ. ಕಾಮಗಾರಿಯ ಹೊಣೆ ಹೊತ್ತ ಕಚೇರಿಗೆ ಹಿಂದೆ ಕೊಟ್ಟ ಮನವಿಗಳು, ಸ್ವೀಕೃತಿ ಮುದ್ರೆಗಳು, ಮಾಹಿತಿ ಹಕ್ಕಿನಡಿ ಬಂದ "ಪರಿಶೀಲನೆಯಲ್ಲಿದೆ" ಎಂಬ ಉತ್ತರಗಳು, ಮಳೆಗಾಲದಲ್ಲಿ ನಿಂತ ನೀರಿನ ಛಾಯಾಚಿತ್ರಗಳು, ಪತ್ರಿಕಾ ವರದಿಗಳು, ಬಿರುಕುಗಳ ಚಿತ್ರಗಳು ಅಡಕವಾಗಿವೆ.

ಆದ್ದರಿಂದ ಮುಗಿಸುವ ದಿನಾಂಕವನ್ನು ಲಿಖಿತವಾಗಿ ಪ್ರಕಟಿಸಬೇಕು. ಗೋಪುರ ಮತ್ತು ಪುರಭವನದ ಅಡಿಪಾಯವನ್ನು ಸ್ವತಂತ್ರ ತಜ್ಞರಿಂದ ಪರೀಕ್ಷಿಸಬೇಕು.

2. ನಿಲುಗಡೆ ತಾಣದ, ನೆಲದ ಮೇಲೆ ಕಾಣುವ ಇಳಿಜಾರು, ಮೆಟ್ಟಿಲು, ಗಾಳಿಗಂಡಿಗಳ ನಕ್ಷೆ ತಮ್ಮ ಒಪ್ಪಿಗೆ ಇಲ್ಲದೆ ಅಂತಿಮವಾಗಬಾರದು. ಫ್ರಾನ್ಸಿನ ಲಿಯೋನ್‌ನಲ್ಲಿ ಹಳೆಯ ಸೆಲೆಸ್ಟಿನ್ ರಂಗಮಂದಿರದ ಮುಂದೆ 1994ರಲ್ಲಿ ನೆಲದಡಿ ಸುರುಳಿಯಾಕಾರದ ನಿಲುಗಡೆ ಕಟ್ಟಿದರು. ಮೇಲೆ ಚೌಕ ಉಳಿಯಿತು, ಕೆಳಗಿನ ಕಮಾನುಗಳನ್ನು ನೋಡಲೆಂದೇ ಜನ ಬರುತ್ತಾರೆ. ಅಮೆರಿಕದ ಡೆಟ್ರಾಯಿಟ್‌ನಲ್ಲಿ 1926ರ ಮಿಷಿಗನ್ ಥಿಯೇಟರಿನ ಒಳಗನ್ನೇ ಕಿತ್ತು ನಿಲುಗಡೆ ಮಾಡಿದರು. ಅಲಂಕೃತ ಚಾವಣಿಯ ಕೆಳಗೆ ಇಂದು ಕಾರುಗಳು ನಿಲ್ಲುತ್ತವೆ. ನಾವು ಯಾವ ಊರಿನ ದಾರಿ ಹಿಡಿಯಬೇಕೆಂದು ತಾವೇ ತೀರ್ಮಾನಿಸಿ. ತಗಡಿನ ಶೆಡ್ಡು, ಮಿರುಗುವ ಟೈಲ್ಸು ಮಾತ್ರ ಬೇಡ.

3. ಚಿಕ್ಕ ಗಡಿಯಾರದ ಸುತ್ತ ಬೀದಿದೀಪ, ಕುಡಿಯುವ ನೀರು, ಶೌಚಾಲಯ ಒದಗಿಸಬೇಕು.

4. ಪಾರಿವಾಳ ಮತ್ತು ಬೀದಿನಾಯಿಗಳ ಹಾವಳಿ ತಡೆಯಬೇಕು.

5. ಹೂವು, ವೀಳ್ಯದೆಲೆ ವ್ಯಾಪಾರಿಗಳು ಬೆಳಗಿನ ಜಾವ ಸರಕು ಇಳಿಸುವಾಗ ದಂಡ ವಿಧಿಸಬಾರದು.

6. ನಿಲುಗಡೆ ತಾಣದಲ್ಲಿ ಮಳಿಗೆಗಳಾದರೆ ಕಾಮಗಾರಿಯಿಂದ ವ್ಯಾಪಾರ ಕಳೆದುಕೊಂಡವರಿಗೆ, ವಿಶೇಷವಾಗಿ ಪುರಭವನದ ಗೇಟಿನ ಪಕ್ಕ ತಲೆಮಾರುಗಳಿಂದ ಫೋಟೊ ಕಟ್ಟು ಹಾಕುವ ಹಾಗೂ ಕಾಫಿಪುಡಿ ಮಾರುವ ಎರಡು ಕುಟುಂಬಗಳಿಗೆ, ಹಳೆಯ ಬಾಡಿಗೆ ದರದಲ್ಲೇ ಆದ್ಯತೆ ನೀಡಬೇಕು.

ಇದುವರೆಗೆ ನಮಗೆ ಸಿಕ್ಕಿದ್ದು ಭರವಸೆ ಮತ್ತು ಧೂಳು. ಎರಡನ್ನೂ ಸಾಕಷ್ಟು ನುಂಗಿದ್ದೇವೆ. ತಾವು ಒಮ್ಮೆ ಸ್ಥಳ ಪರಿಶೀಲನೆಗೆ ಬರಬೇಕು, ಬರುವಾಗ ಗುತ್ತಿಗೆ ದಾಖಲೆಗಳ ಸಮೇತ ಸಂಬಂಧಪಟ್ಟ ಎಂಜಿನಿಯರರನ್ನೂ ಕರೆತರಬೇಕು. ಮೂವತ್ತು ದಿನಗಳೊಳಗೆ ಲಿಖಿತ ಉತ್ತರ ಬಾರದಿದ್ದಲ್ಲಿ ದಸರಾ ಅತಿಥಿಗಳು ಬರುವ ಹೊತ್ತಿಗೆ ಪುರಭವನದ ಗೇಟಿನ ಮುಂದೆ ಧರಣಿ ಕೂರುವುದು ಅನಿವಾರ್ಯವಾಗುತ್ತದೆ ಎಂದು ವಿನಯಪೂರ್ವಕವಾಗಿ ತಿಳಿಸುತ್ತೇವೆ.



ತಮ್ಮ ವಿಶ್ವಾಸಿಗಳು
(ಸಹಿಗಳು ಲಗತ್ತು)